ಗರ್ಭಕೋಶದ ಒಳಪದರದ ಉರಿಯೂತ: ಬಯಾಪ್ಸಿ ಯಾವ ದಿನ?

ಗರ್ಭಕೋಶದ ಒಳಪದರದ ದೀರ್ಘಕಾಲದ ಉರಿಯೂತ, ಅಂದರೆ ಕ್ರಾನಿಕ್ ಎಂಡೊಮೆಟ್ರೈಟಿಸ್, ಹೆಚ್ಚಿನವರಲ್ಲಿ ಸುಳಿವನ್ನೇ ಕೊಡುವುದಿಲ್ಲ. ಜ್ವರವಿಲ್ಲ, ಸ್ಕ್ಯಾನಿಂಗ್‌ನಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಗರ್ಭ ಮೇಲಿಂದ ಮೇಲೆ ಇಳಿದುಹೋದಾಗ, ಇಲ್ಲವೇ ಐವಿಎಫ್‌ನಲ್ಲಿ ಭ್ರೂಣ ನಾಟದೇ ಹೋದಾಗ ಇದರ ಹುಡುಕಾಟ ಶುರುವಾಗುತ್ತದೆ.

ರೋಗನಿರ್ಣಯ ನಿಂತಿರುವುದು ಪ್ಲಾಸ್ಮಾ ಕೋಶದ ಮೇಲೆ. ಸೂಕ್ಷ್ಮದರ್ಶಕದಲ್ಲಿ ಅದರ ನ್ಯೂಕ್ಲಿಯಸ್ ಒಂದು ಬದಿಗೆ ಸರಿದಿರುತ್ತದೆ. ಒಳಗಿನ ಕ್ರೊಮಾಟಿನ್ ಗಡಿಯಾರದ ಅಂಕಿಗಳಂತೆ ಅಂಚಿಗೆ ಕೂತಿರುತ್ತದೆ. ಮಾಮೂಲಿ ಬಣ್ಣದಲ್ಲಿ ಇದು ಸುಲಭವಾಗಿ ಕಣ್ತಪ್ಪುವುದರಿಂದ ಸಿಡಿ138 ಬಣ್ಣ ಹಾಕುತ್ತಾರೆ. ಆ ಬಣ್ಣವನ್ನು ಗ್ರಂಥಿಗಳ ಹೊದಿಕೆಯ ಕೋಶಗಳೂ ಹಿಡಿಯುತ್ತವೆ. ಆದ್ದರಿಂದ ಗ್ರಂಥಿಗಳ ನಡುವಿನ ಅಂಗಾಂಶದಲ್ಲಿ ಕಂಡದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಎಷ್ಟು ಕಂಡರೆ ರೋಗ? ಒಂದೇ ಸಾಕು ಎನ್ನುವವರಿದ್ದಾರೆ, ಐದಾದರೂ ಬೇಕು ಎನ್ನುವವರಿದ್ದಾರೆ. ಮಕ್ಕಳಾಗದ ಮಹಿಳೆಯರಲ್ಲಿ ಇದರ ಪ್ರಮಾಣ ಶೇ. 2.8ರಿಂದ 56.8ರವರೆಗೆ ವರದಿಯಾಗಿರುವುದರ ಹಿಂದೆ ಈ ಭಿನ್ನಮತವೂ ಇದೆ. ಇಷ್ಟು ಅಗಲದ ಅಂಕಿಯನ್ನು ನೆಚ್ಚಿಕೊಂಡು ಯಾವ ದಂಪತಿಗೂ ಸಲಹೆ ಹೇಳಲಾಗದು.

ಭಾರತದಲ್ಲಿ ಈ ಗೊಂದಲಕ್ಕೆ ಗರ್ಭಕೋಶದ ಕ್ಷಯವೂ ಸೇರಿಕೊಳ್ಳುತ್ತದೆ; ಎರಡಕ್ಕೂ ಬಯಾಪ್ಸಿಯ ದಿನ ಬೇರೆ. ಪ್ಲಾಸ್ಮಾ ಕೋಶ ಹುಡುಕುವವರು ಮುಟ್ಟು ನಿಂತ ಮೇಲೆ, ಅಂಡೋತ್ಪತ್ತಿಗೆ ಮುಂಚೆ ಮಾದರಿ ತೆಗೆಯಲು ಬಯಸುತ್ತಾರೆ. ಆಮೇಲಾದರೆ ಪದರದ ಸಹಜ ಬದಲಾವಣೆಗಳೇ ದಾರಿ ತಪ್ಪಿಸುತ್ತವೆ. ಕ್ಷಯದ ಶಂಕೆಯಿದ್ದರೆ ಮುಂದಿನ ಮುಟ್ಟು ಹತ್ತಿರವಾಗುವವರೆಗೆ ಕಾಯುವುದು ವಾಡಿಕೆ: ತಿಂಗಳಿಗೊಮ್ಮೆ ಕಳಚಿಹೋಗುವ ಪದರದಲ್ಲಿ ಕ್ಷಯದ ಗುರುತಾದ ಗ್ರಾನ್ಯುಲೋಮಾ, ಅಂದರೆ ಕೋಶಗಳ ಗಂಟು, ಬಲಿಯಲು ಅಷ್ಟಾದರೂ ಅವಧಿ ಬೇಕು. ಒಂದೇ ತುಣುಕು ಎರಡಕ್ಕೂ ಉತ್ತರ ಕೊಡುವುದು ಕಷ್ಟ. ಲ್ಯಾಬಿಗೆ ಹೋಗುವ ಚೀಟಿಯಲ್ಲಿ ಕೊನೆಯ ಮುಟ್ಟಿನ ದಿನಾಂಕವಾಗಲಿ, ಯಾವ ಶಂಕೆಯೆಂಬುದಾಗಲಿ ಇಲ್ಲದಿದ್ದರೆ ‘ನೆಗೆಟಿವ್’ ಎಂದು ಬಂದ ವರದಿಯನ್ನು ಯಾವುದಕ್ಕೆ ನೆಗೆಟಿವ್ ಎಂದು ಓದುವುದು?

ತಪ್ಪಿದರೆ ಬೆಲೆಯೂ ದೊಡ್ಡದೇ. ಸಾಮಾನ್ಯ ಉರಿಯೂತಕ್ಕೆ ಬಹುತೇಕ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ., ದಿನಕ್ಕೆರಡು ಬಾರಿ, 14 ದಿನ. ಕ್ಷಯಕ್ಕೆ 6 ತಿಂಗಳ ಔಷಧಿ. ಅಷ್ಟರಲ್ಲಿ ಗರ್ಭನಾಳ ಕಟ್ಟಿಕೊಂಡಿದ್ದರೆ ಮಾತ್ರೆ ಅದನ್ನು ಬಿಡಿಸುವುದಿಲ್ಲ.

ಉರಿಯೂತ ವಾಸಿಯಾದವರಲ್ಲಿ, ವಾಸಿಯಾಗದವರಿಗಿಂತ ಹೆಚ್ಚು ಗರ್ಭ ನಿಂತಿದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಹೋಲಿಕೆಯೇ ಓರೆಯಾಗಿದೆ ಎಂಬುದು ನನ್ನ ತಕರಾರು: ಔಷಧಿಗೆ ಜಗ್ಗದ ಉರಿಯೂತವಿರುವವರಲ್ಲಿ ಗರ್ಭ ನಿಲ್ಲದಿರಲು ಬೇರೆ ಕಾರಣಗಳೂ ಇರಬಹುದು. ಔಷಧಿ ಪಡೆದವರನ್ನು ಪಡೆಯದವರೊಡನೆ, ಚೀಟಿ ಎತ್ತಿ ಗುಂಪು ಮಾಡಿ ಹೋಲಿಸಬೇಕು. ಮಾದರಿಯನ್ನೂ ಎಲ್ಲರಿಂದ ಋತುಚಕ್ರದ ಒಂದೇ ಹಂತದಲ್ಲಿ ತೆಗೆಯಬೇಕು.