ಬೇಲಿಯಾಚೆಯ ಬುಟ್ಟಿಗೆ ತಲೆಯ ಮೇಲಿಂದ ತಟ್ಟೆ: ಡಿಸ್ಕ್ ಗಾಲ್ಫ್‌ನ ಓವರ್‌ಹ್ಯಾಂಡ್ ಎಸೆತ

ಎದುರಿಗೆ ಆಳೆತ್ತರದ ಬೇಲಿ. ಬೇಲಿಯಾಚೆ ನಲವತ್ತು ಮೀಟರ್ ದೂರದಲ್ಲಿ ಕಂಬಕ್ಕೆ ಸಿಕ್ಕಿಸಿದ ಒಂದು ಕಬ್ಬಿಣದ ಬುಟ್ಟಿ. ಕೈಯಲ್ಲಿ ಪ್ಲಾಸ್ಟಿಕ್ ತಟ್ಟೆ. ಸೊಂಟದ ಮಟ್ಟದಲ್ಲಿ ಬೀಸಿ ಎಸೆದರೆ ತಟ್ಟೆ ಬೇಲಿಗೇ ಬಡಿದು ಬೀಳುತ್ತದೆ. ಬೇಲಿಯನ್ನು ಸುತ್ತಿಸಿ ಕಳುಹಿಸೋಣವೆಂದರೆ ಬದಿಯಲ್ಲಿ ಜಾಗವಿಲ್ಲ. ಆಗ ಉಳಿಯುವ ದಾರಿ, ಹಳ್ಳಿಯ ಹುಡುಗರಿಗೆಲ್ಲ ಗೊತ್ತಿರುವಂಥದ್ದೇ. ಮಾವಿನಕಾಯಿಗೆ ಕಲ್ಲು ಬೀಸುವಂತೆ ಭುಜದ ಮೇಲಿಂದ ಎಸೆಯುವುದು!

ಡಿಸ್ಕ್ ಗಾಲ್ಫ್ ಅಮೆರಿಕದಲ್ಲಿ ಬೆಳೆದ ಆಟ. ಗಾಲ್ಫ್‌ನ ಚೆಂಡು, ಕೋಲು, ಗುಂಡಿಗಳ ಬದಲಿಗೆ ಇಲ್ಲಿರುವುದು ತಟ್ಟೆ, ಕೈ, ಬುಟ್ಟಿ. ಅತಿ ಕಡಿಮೆ ಎಸೆತಗಳಲ್ಲಿ ಎಲ್ಲ ಬುಟ್ಟಿಗಳನ್ನು ಮುಗಿಸಿದವನು ಗೆದ್ದಂತೆ. ಮೊದಲ ಕಾಯಂ ಅಂಗಣ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ ಆಯಿತು. ಅದರ ಹಿಂದಿದ್ದವರು ಎಡ್ ಹೆಡ್ರಿಕ್. ವ್ಯಾಮ್-ಓ ಕಂಪನಿಯಲ್ಲಿದ್ದಾಗ ಫ್ರಿಸ್ಬೀ ತಟ್ಟೆಯನ್ನು ಸುಧಾರಿಸಿದವರೂ, ಸರಪಳಿ ಇಳಿಬಿಟ್ಟ ಬುಟ್ಟಿಯನ್ನು ರೂಪಿಸಿದವರೂ ಅವರೇ. 2002ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ಗೆ ಬೆರೆಸಿ ತಟ್ಟೆಗಳನ್ನು ಮಾಡಿದರು. ಆಟದ ಹುಚ್ಚು ಎಂದರೆ ಇದೇ ಇರಬೇಕು.

ಆಟದಲ್ಲಿ ಮೊದಲನೆಯದು ದೂರದ ಎಸೆತ, ಕೊನೆಯದು ಬುಟ್ಟಿಗೆ ಹಾಕುವ ಎಸೆತ. ಇವೆರಡರ ನಡುವಿನದು ಅಪ್ರೋಚ್, ಅಂದರೆ ತಟ್ಟೆಯನ್ನು ಬುಟ್ಟಿಯ ಬಳಿಗೆ ತಂದಿಡುವ ಎಸೆತ. ನೋಡುವವರಿಗೆ ಇದು ಸಪ್ಪೆ. ಆದರೆ ಎಷ್ಟೋ ಪಂದ್ಯಗಳಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಇಲ್ಲೇ. ಹತ್ತಿರ ತಂದಿಟ್ಟರೆ ಇನ್ನೊಂದು ಎಸೆತಕ್ಕೆ ಮುಗಿಯಿತು, ಇಲ್ಲದಿದ್ದರೆ ಎರಡೋ ಮೂರೋ ಬೇಕು. ಗಡಿಗೆರೆ ದಾಟಿ ಬಿದ್ದರೆ ಒಂದು ಎಸೆತದ ದಂಡ ಬೇರೆ.

ಸಾಮಾನ್ಯವಾಗಿ ಈ ಕೆಲಸಕ್ಕೆ ಬ್ಯಾಕ್‌ಹ್ಯಾಂಡ್ ಅಥವಾ ಫೋರ್‌ಹ್ಯಾಂಡ್ ಸಾಕು. ದಾರಿ ಮುಚ್ಚಿದಾಗ ಓವರ್‌ಹ್ಯಾಂಡ್. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಟೊಮಾಹಾಕ್‌ನಲ್ಲಿ ತೋರುಬೆರಳು, ನಡುಬೆರಳುಗಳನ್ನು ತಟ್ಟೆಯ ಅಂಚಿನ ಒಳಬದಿಗೆ ಒತ್ತಿ, ಹೆಬ್ಬೆರಳನ್ನು ಮೇಲ್ಮೈ ಮೇಲೆ ಇಟ್ಟು, ತಟ್ಟೆಯನ್ನು ಕಿವಿಯ ಪಕ್ಕ ನೆಟ್ಟಗೆ ನಿಲ್ಲಿಸಿ ಕೊಡಲಿ ಬೀಸುವಂತೆ ಎಸೆಯುತ್ತಾರೆ. ಹೆಸರು ಬಂದಿರುವುದೂ ಅಮೆರಿಕದ ಮೂಲನಿವಾಸಿಗಳ ಕೈಗೊಡಲಿಯಿಂದಲೇ. ಬೆಂಗಳೂರು, ಚೆನ್ನೈಗಳಲ್ಲಿ ಅಲ್ಟಿಮೇಟ್ ಎಂಬ ತಟ್ಟೆಯಾಟ ಆಡುವ ಹುಡುಗ ಹುಡುಗಿಯರಿಗೆ ಇದು ‘ಹ್ಯಾಮರ್’ ಎಂಬ ಹೆಸರಿನಲ್ಲಿ ಪರಿಚಿತ. ಎರಡನೆಯದು ಥಂಬರ್. ಇಲ್ಲಿ ಹೆಬ್ಬೆರಳು ಅಂಚಿನ ಒಳಗೆ, ಉಳಿದ ಬೆರಳುಗಳು ಹೊರಗೆ. ತಟ್ಟೆಯ ಮುಖ ಇನ್ನೊಂದು ಬದಿಗೆ ತಿರುಗಿರುತ್ತದೆ, ಸುತ್ತುವಿಕೆಯೂ ತಿರುವುಮುರುವು. ಆದ್ದರಿಂದ ಟೊಮಾಹಾಕ್ ಒಂದು ಬದಿಗೆ ಬಾಗಿದರೆ ಥಂಬರ್ ಮತ್ತೊಂದು ಬದಿಗೆ ಬಾಗುತ್ತದೆ. ಎರಡನ್ನೂ ಬಲ್ಲವನಿಗೆ ಮರದ ಎಡಕ್ಕೂ ಬಲಕ್ಕೂ ದಾರಿ ಇದೆ.

ಗಾಳಿಯಲ್ಲಿ ಆಗುವುದೇನು? ಮಾಮೂಲಿ ಎಸೆತದಲ್ಲಿ ತಟ್ಟೆ ಕವುಚಿಕೊಂಡು ಹೋಗುವುದರಿಂದ ಗಾಳಿ ಅದನ್ನು ಮೇಲಕ್ಕೆತ್ತಿ ಹಿಡಿಯುತ್ತದೆ. ನೆಟ್ಟಗೆ ಎಸೆದ ತಟ್ಟೆಗೆ ಆ ಆಸರೆ ಇಲ್ಲ. ಎತ್ತುವ ಬಲ ಪಕ್ಕಕ್ಕೆ ತಿರುಗಿ ತಟ್ಟೆಯನ್ನು ಬದಿಗೆ ತಳ್ಳುತ್ತದೆ. ವೇಗ ಕಡಿಮೆಯಾಗುತ್ತಾ ಬಂದಂತೆ ತಟ್ಟೆ ನಿಧಾನಕ್ಕೆ ಹೊರಳಿ ಅಂಗಾತವಾಗುತ್ತದೆ, ಊಟಕ್ಕಿಟ್ಟ ತಟ್ಟೆಯ ಹಾಗೆ. ಅಲ್ಲಿಂದ ಕಡಿದಾಗಿ ಕೆಳಗಿಳಿಯುತ್ತದೆ. ಅಪ್ರೋಚ್‌ಗೆ ಬೇಕಾದದ್ದು ಇದೇ. ಅಡ್ಡಡ್ಡ ಬಂದ ತಟ್ಟೆ ನೆಲ ಮುಟ್ಟಿ ಜಾರಿಕೊಂಡು ಮುಂದೆ ಹೋಗಿಬಿಡಬಹುದು. ಮೇಲಿಂದ ಅಂಗಾತ ಬಿದ್ದದ್ದು ಹುಲ್ಲಿನ ಮೇಲೆ ಬೇಗ ನಿಲ್ಲುತ್ತದೆ. ಗಟ್ಟಿ ನೆಲವಾದರೆ ಈ ಮಾತು ನಡೆಯದು, ಬೆನ್ನ ಮೇಲೆ ಜಾರುತ್ತದೆ.

ಹೊಸಬರು ಎಡವುವುದು ಎತ್ತರದಲ್ಲಿ. ತಟ್ಟೆಗೆ ಹೊರಳಲು ಸಮಯ ಬೇಕು. ತಗ್ಗಾಗಿ ಎಸೆದರೆ ಹೊರಳುವ ಮೊದಲೇ ನೆಲ ಸಿಕ್ಕಿ, ಅಂಚಿನ ಮೇಲೆ ಬಿದ್ದು, ಗಾಲಿಯಂತೆ ಉರುಳಿಹೋಗುತ್ತದೆ. ಇಳಿಜಾರಾದರಂತೂ ಕೇಳುವುದೇ ಬೇಡ. ಹಾಗಾಗಿ ಬುಟ್ಟಿ ತೀರಾ ಹತ್ತಿರದಲ್ಲಿದ್ದರೆ ಈ ಎಸೆತ ಕಷ್ಟ. ಮೆಲ್ಲಗೆ ಎಸೆಯಲೂ ಬೇಕು, ಎತ್ತರವೂ ಬೇಕು, ಸುತ್ತುವಿಕೆಯೂ ಸಾಲಬೇಕು. ಅಂಥ ಕಡೆ ‘ಗ್ರೆನೇಡ್’ ಎನ್ನುವ ಇನ್ನೊಂದು ಉಪಾಯವಿದೆ. ತಟ್ಟೆಯನ್ನು ಮೊದಲೇ ಅಂಗಾತ ಹಿಡಿದು, ಬ್ಯಾಕ್‌ಹ್ಯಾಂಡ್ ಬೀಸಿನಲ್ಲಿ ಆಕಾಶಕ್ಕೆ ಎತ್ತಿ ಬಿಡುವುದು. ಅದು ಮರದ ತುದಿ ದಾಟಿ ಹೆಚ್ಚು ಕಡಿಮೆ ನೇರವಾಗಿ ಕೆಳಗೆ ಬೀಳುತ್ತದೆ. ನನ್ನ ಮಟ್ಟಿಗೆ ಆಟದಲ್ಲಿ ನೋಡಲು ಅತಿ ಸೊಗಸಾದ ಎಸೆತ ಇದೇ.

ಓವರ್‌ಹ್ಯಾಂಡ್‌ಗೆ ಇನ್ನೊಂದು ಅನುಕೂಲವಿದೆ. ತಟ್ಟೆ ಕನಿಷ್ಠ 21 ಸೆಂಟಿಮೀಟರ್ ಅಗಲ ಇರಬೇಕೆಂದು ನಿಯಮ. ಆದರೆ ನೆಟ್ಟಗೆ ನಿಂತಾಗ ಅದರ ದಪ್ಪ ಎರಡು ಬೆರಳಿನಷ್ಟೇ. ಒತ್ತಾಗಿ ನಿಂತ ಅಡಿಕೆ ಮರಗಳಂಥ ಕಾಂಡಗಳ ಸಂದಿನಲ್ಲಿ ಮಲಗಿದ ತಟ್ಟೆ ತೂರದ ಕಡೆ ನಿಂತ ತಟ್ಟೆ ತೂರುತ್ತದೆ. ಹೊರಳಲು ಆರಂಭಿಸುವ ಮೊದಲೇ ಸಂದು ದಾಟಬೇಕು, ಅಷ್ಟೇ. ಎದುರುಗಾಳಿಯನ್ನೂ ಅದು ಸೀಳಿಕೊಂಡು ಹೋಗುತ್ತದೆ. ಅಡ್ಡಗಾಳಿಗೆ ಮಾತ್ರ ಪೂರ್ತಿ ಮುಖ ಒಡ್ಡಿ ನಿಂತಿರುತ್ತದೆ, ಎಚ್ಚರ.

ತಟ್ಟೆ ಯಾವುದು? ಬಹುತೇಕ ತಟ್ಟೆಗಳ ತೂಕ 150ರಿಂದ 180 ಗ್ರಾಂ. ಓವರ್‌ಹ್ಯಾಂಡ್‌ಗೆ ಪಳಗಿದವರು ಭಾರದ, ಬಿರುಸಾದ, ಸುಲಭಕ್ಕೆ ಹೊರಳದ ತಟ್ಟೆಯನ್ನೇ ಆರಿಸುತ್ತಾರೆ. ಮೆದು ತಟ್ಟೆ ಕೈ ಬಿಡುವಾಗಲೇ ಬಳುಕಿ ದಿಕ್ಕು ತಪ್ಪುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಭುಜದ ವಿಷಯ ಹೇಳದಿದ್ದರೆ ತಪ್ಪಾದೀತು. ಬೌಂಡರಿಯಿಂದ ವಿಕೆಟ್ ಕೀಪರ್‌ಗೆ ಚೆಂಡು ಎಸೆಯುವವನ ಭುಜದ ಮೇಲೆ ಬೀಳುವ ಒತ್ತಡವೇ ಇಲ್ಲೂ ಬೀಳುತ್ತದೆ. ಭುಜದ ಕೀಲನ್ನು ಸುತ್ತಿ ಹಿಡಿದಿರುವ ಸ್ನಾಯು, ಸ್ನಾಯುರಜ್ಜುಗಳು ಒಮ್ಮೆ ಹರಿದರೆ ತಿಂಗಳುಗಟ್ಟಲೆ ಕೈ ಎತ್ತಲಾಗದು. ಮೈ ಬಿಸಿ ಮಾಡದೆ, ಅರ್ಧ ಗಂಟೆ ಸುಮ್ಮನೆ ನಿಂತಿದ್ದು ಒಮ್ಮೆಲೇ ಪೂರ್ಣ ಬಲದಿಂದ ಬೀಸುವುದು ಕೆಟ್ಟದ್ದು. ಕೈಯೊಂದರಿಂದ ಎಸೆಯಬಾರದು. ಕಾಲು, ಸೊಂಟ, ಎದೆ ತಿರುಗಿದ ಮೇಲೆ ಕೈ ಕೊನೆಗೆ ಬರಬೇಕು. ನನ್ನ ವಯಸ್ಸಿನವರಿಗೆ ದಿನಕ್ಕೆ ಹತ್ತು ಹನ್ನೆರಡು ಎಸೆತ ಸಾಕು, ನೋವು ಕಂಡರೆ ಅಲ್ಲಿಗೇ ನಿಲ್ಲಿಸುವುದು ಜಾಣತನ.

ದಾರಿ ತೆರೆದಿರುವಾಗ ಭುಜವನ್ನು ಪಣಕ್ಕಿಡಬೇಕಾಗಿಯೂ ಇಲ್ಲ. 2021ರಲ್ಲಿ ಯೂಟಾ ರಾಜ್ಯದ ಆಗ್ಡೆನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಬುಟ್ಟಿಗೆ ಜೇಮ್ಸ್ ಕಾನ್ರಾಡ್ 247 ಅಡಿ ದೂರದಿಂದ ಅಪ್ರೋಚ್ ಎಸೆದರು. ಹತ್ತಿರ ಬಿದ್ದರೆ ಸಾಲದು, ಒಳಗೇ ಬೀಳಬೇಕಿತ್ತು. ಬಿತ್ತು! ಪಾಲ್ ಮೆಕ್‌ಬೆತ್ ಜೊತೆ ಸಮಬಲವಾಗಿ, ಪ್ಲೇಆಫ್‌ನಲ್ಲಿ ಕಾನ್ರಾಡ್ ಗೆದ್ದರು. ಅದು ಓವರ್‌ಹ್ಯಾಂಡ್ ಅಲ್ಲ, ಬ್ಯಾಕ್‌ಹ್ಯಾಂಡ್.

ಕೊನೆಗೆ ನಿಯಮದ ಒಂದು ಮಾತು. ಹೇಗೆ ಎಸೆಯಬೇಕೆಂಬ ಕಟ್ಟುಪಾಡು ಇಲ್ಲ. ಆದರೆ ತಟ್ಟೆ ಕೈ ಬಿಡುವಾಗ ಒಂದು ಕಾಲು ಗುರುತಿನ ಹಿಂದಿನ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಜಾಗದೊಳಗೆ ಇರಬೇಕು. ಬುಟ್ಟಿಯಿಂದ 10 ಮೀಟರ್ ಆಚೆ ಇದ್ದರೆ ಎಸೆದ ರಭಸಕ್ಕೆ ಮುಂದೆ ಹೆಜ್ಜೆ ಹಾಕಬಹುದು. ಹತ್ತು ಮೀಟರ್ ಒಳಗಾದರೆ ಹಾಗಿಲ್ಲ, ಎಸೆದ ಮೇಲೆ ಸಮತೋಲ ತೋರಿಸಿಯೇ ಮುಂದೆ ಹೋಗಬೇಕು. ಓವರ್‌ಹ್ಯಾಂಡ್ ಎಸೆತ ಮೈಯನ್ನು ಮುಂದಕ್ಕೆ ಎಳೆಯುವುದರಿಂದ ಪೊದೆಯ ಹಿಂದೆ ಸಿಕ್ಕಿಕೊಂಡವರು ಮುಗ್ಗರಿಸಿ ತಪ್ಪು ಮಾಡುವುದು ಈ ಹತ್ತು ಮೀಟರ್ ಒಳಗೇ.