ಅಂಗೈಯಗಲದ ಪಾದ

ನಾಮಕರಣಕ್ಕೋ ಮೊದಲನೇ ಹುಟ್ಟುಹಬ್ಬಕ್ಕೋ ಕೊಡಲು ಈಗೊಂದು ಹೊಸ ಉಡುಗೊರೆ ಬಂದಿದೆ. ಕೂಸಿನ ಕೈಕಾಲಿನ ಅಚ್ಚು ತೆಗೆಯೋ ಡಬ್ಬಿ. ಒಳಗಿರೋ ಪುಡಿಯನ್ನ ನೀರಲ್ಲಿ ಕಲಸಿ, ಮಗುವಿನ ಕೈಯನ್ನ ಅದರಲ್ಲಿ ಅದ್ದಿ ಹಿಡಿದರೆ ಕೆಲವೇ ನಿಮಿಷಕ್ಕೆ ರಬ್ಬರಿನ ಹಾಗೆ ಗಟ್ಟಿಯಾಗತ್ತೆ. ಕೈ ಈಚೆ ತೆಗೆದ ಮೇಲೆ ಉಳಿದ ಗುಳಿಗೆ ಪ್ಲಾಸ್ಟರ್ ಸುರಿದರಾಯಿತು, ಗೆರೆ ಸಮೇತ ಪುಟ್ಟ ಕೈ. ಆ ಪುಡಿ ಆಲ್ಜಿನೇಟ್. ಕಡಲಿನ ಕಂದು ಪಾಚಿಯಿಂದ ತೆಗೆದದ್ದು. ಹಲ್ಲಿನ ಡಾಕ್ಟರು ನಿಮ್ಮ ದವಡೆಯ ಅಳತೆ ತೆಗೆಯೋದೂ ಇದರಲ್ಲೇ.

ಇದೆಲ್ಲ ದುಡ್ಡಿದ್ದವರ ಈಗಿನ ಶೋಕಿ ಅಂತ ಮೂಗು ಮುರಿಯೋರು ಇದ್ದಾರೆ. ಅಂಥವರಿಗೆ ನಾನು ಹಕೊಡಾಟೆಯ ಮಣ್ಣಿನ ಬಿಲ್ಲೆಗಳ ವಿಷಯ ಹೇಳ್ತೀನಿ.

ಹಕೊಡಾಟೆ ಇರೋದು ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ. ಅಲ್ಲಿನ ಕಾಕಿನೊಶಿಮಾ ಎಂಬ ಕಡಲ ಬದಿಯ ಜಾಗದಲ್ಲಿ ಜೋಮೊನ್ ಕಾಲದ ಜನ ಸಾವಿರಾರು ವರ್ಷ ಬಾಳಿದ್ದರು. ಮೀನು ಹಿಡಿಯೋರು, ಕಾಯಿ ಆಯೋರು, ಬೇಟೆಯಾಡೋರು. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 17 ಜೋಮೊನ್ ನೆಲೆಗಳಲ್ಲಿ ಇದೂ ಒಂದು. ಇಲ್ಲಿನ ಸಮಾಧಿ ಗುಂಡಿಗಳನ್ನು ಅಗೆದಾಗ ಸುಟ್ಟ ಮಣ್ಣಿನ ಬಿಲ್ಲೆಗಳು ಸಿಕ್ಕವು. ಸುಮಾರು 7,000 ವರ್ಷ ಹಳೆಯವು. ಅವುಗಳ ಮೇಲೆ ಚಿಕ್ಕ ಮಕ್ಕಳ ಪಾದದ ಗುರುತು! ಯಾರೋ ಹಸಿ ಮಣ್ಣನ್ನು ತಟ್ಟಿ, ಮಗುವಿನ ಕಾಲನ್ನು ಅದಕ್ಕೆ ಒತ್ತಿ, ಆಮೇಲೆ ಸುಟ್ಟಿದ್ದಾರೆ. ಒಂದು ತುದಿಗೆ ದಾರ ಪೋಣಿಸೋಕೆ ತೂತೂ ಮಾಡಿದ್ದಾರೆ.

ಯಾಕೆ ಮಾಡಿದರು ಅನ್ನೋದಕ್ಕೆ ಪುರಾತತ್ವದವರಲ್ಲಿ ಎರಡು ಮಾತಿವೆ. ಮಗು ಬೆಳೆಯಿತು ಅನ್ನೋ ಸಂತೋಷಕ್ಕೆ ಮಾಡಿದ ಶಾಸ್ತ್ರ ಅಂತ ಒಂದು. ಇನ್ನೊಂದು, ಮಗು ತೀರಿಕೊಂಡಾಗ ಅಚ್ಚು ತೆಗೆದು ಮನೆಯಲ್ಲಿ ತೂಗುಹಾಕಿಕೊಂಡಿದ್ದರು, ಮುಂದೆ ತಾಯಿಯೋ ತಂದೆಯೋ ಸತ್ತಾಗ ಅದನ್ನೂ ಜೊತೆಗೇ ಹೂತರು ಅಂತ. ಜಪಾನಿನ ಹುಳಿ ಮಣ್ಣಲ್ಲಿ ಮೂಳೆ ಬಾಳಲ್ಲ, ಹಾಗಾಗಿ ಗುಂಡಿಯೊಳಗೆ ಮಲಗಿದ್ದವರನ್ನು ಕೇಳೋ ಹಾಗಿಲ್ಲ. ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲತ್ತೆ. ಬರೀ ಹೂಳೋಕೆ ಅಂತ ಮಾಡಿದ್ದಾದರೆ ತೂತು ಯಾಕೆ ಬೇಕಿತ್ತು? ಬರೀ ಸಂತೋಷಕ್ಕಾದರೆ ಸಮಾಧಿಗೆ ಯಾಕೆ ಬಂತು?

ಸಂತೋಷಕ್ಕೇ ಮಾಡಿಸಿದವರೂ ಇದ್ದಾರೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ತನ್ನ ಎಳೆ ಮಕ್ಕಳ ಕೈಕಾಲುಗಳನ್ನ ಅಮೃತಶಿಲೆಯಲ್ಲಿ ಮಾಡಿಸಿಟ್ಟುಕೊಂಡಿದ್ದಳು. ಶಿಲ್ಪಿ ಮೇರಿ ಥಾರ್ನಿಕ್ರಾಫ್ಟ್. ವೈಟ್ ದ್ವೀಪದ ಆಸ್ಬೋರ್ನ್ ಹೌಸಿನಲ್ಲಿ ಅವು ಈಗಲೂ ಇವೆ, ವೆಲ್ವೆಟ್ ದಿಂಬಿನ ಮೇಲೆ, ಗಾಜಿನ ಮುಚ್ಚಳದ ಕೆಳಗೆ. ನಮ್ಮ ಕಣ್ಣಿಗೆ ಸ್ವಲ್ಪ ದಿಗಿಲಾಗೋ ಹಾಗೇ ಇವೆ ಅನ್ನಿ, ಕತ್ತರಿಸಿಟ್ಟ ಹಾಗೆ. (ಎಳೆ ಕೂಸುಗಳು ಕಪ್ಪೆ ಥರ ಆಡ್ತವೆ ಅಂತ ಮಗಳಿಗೆ ಕಾಗದ ಬರೆದವಳೂ ಇದೇ ಮಹಾತಾಯಿ.) ಅವಳ ಒಂಬತ್ತು ಮಕ್ಕಳೂ ಬದುಕಿ ದೊಡ್ಡವರಾದರು. ಆ ಕಾಲಕ್ಕೆ ಅದು ಅರಮನೆಗೂ ಅಪರೂಪದ ಭಾಗ್ಯ.

ಕೈಯಚ್ಚಿನ ಚರಿತ್ರೆಯಲ್ಲಿ ನಮ್ಮ ದೇಶದ್ದೂ ಒಂದು ಅಧ್ಯಾಯ ಇದೆ. 1858ರಲ್ಲಿ ಬಂಗಾಳದ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಾಜ್ಯಧರ್ ಕೊನಾಯಿ ಅನ್ನೋ ಗುತ್ತಿಗೆದಾರನ ಇಡೀ ಅಂಗೈಯನ್ನು ಕರಾರುಪತ್ರಕ್ಕೆ ಒತ್ತಿಸಿಕೊಂಡ. ನಾಳೆ ಇವನು ಇಲ್ಲ ಅನ್ನಬಾರದು, ಅಷ್ಟೇ ಉದ್ದೇಶ. ಮುಂದೆ ಅವನಿಗೆ ಅದೇ ಗೀಳಾಯಿತು. ತನ್ನ ಮಗನ ಬೆರಳಚ್ಚನ್ನ ಬಾಲ್ಯದಲ್ಲೊಮ್ಮೆ, ದೊಡ್ಡವನಾದ ಮೇಲೆ ಮತ್ತೆ ತೆಗೆದು ಹೋಲಿಸಿದ. ಗೆರೆಗಳು ಬದಲಾಗಿರಲಿಲ್ಲ. ಅವು ಹೊಟ್ಟೆಯಲ್ಲಿ ಆರು ತಿಂಗಳಾಗೋ ಹೊತ್ತಿಗೇ ನಿಂತುಬಿಟ್ಟಿರತ್ತವೆ. ಆಮೇಲೆ ಹಿಗ್ಗುತ್ತವೆ ಅಷ್ಟೆ. ಪೊಲೀಸರಿಗೆ ಬೇಕಾದ್ದು ಆ ಗೆರೆ, ಸಾಯೋವರೆಗೂ ಜೊತೆಗಿರತ್ತೆ. ಅಪ್ಪ ಅಮ್ಮನಿಗೆ ಬೇಕಾದ್ದು ಅಳತೆ. ಅದು ಮುಂದಿನ ತಿಂಗಳಿಗೇ ಇರಲ್ಲ.

ಅಮೆರಿಕದ ಆಸ್ಪತ್ರೆಗಳಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಕಳೆದ ಶತಮಾನದಲ್ಲಿ ಅಲ್ಲಿ ಹುಟ್ಟಿದ ಕೂಸಿನ ಅಂಗಾಲಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತೋ ಪದ್ಧತಿ ಬಂತು. ಮಕ್ಕಳು ಅದಲುಬದಲಾಗಬಾರದು ಅಂತ. ಆದರೆ ಹಸುಗೂಸಿನ ಅಂಗಾಲು ಜಿಡ್ಡುಜಿಡ್ಡು, ಗೆರೆ ತೀರಾ ಸಣ್ಣದು, ಮೇಲೆ ಒದೆಯೋದು ಬೇರೆ. ಬಹುಪಾಲು ಅಚ್ಚುಗಳು ಗುರುತು ಹಿಡಿಯೋ ಕೆಲಸಕ್ಕೆ ಬಾರದ ಮಸಿಯ ಕಲೆಗಳಾಗಿದ್ದವು. ಆದರೂ ಪದ್ಧತಿ ಸಾಯಲಿಲ್ಲ. ತಾಯಂದಿರು ಆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗಲಿಸಿದ್ದರು! ಇವತ್ತು ಹಲವು ದೇಶಗಳಲ್ಲಿ, ಹುಟ್ಟುವ ಮೊದಲೇ ಉಸಿರು ನಿಂತ ಕೂಸಿನ ಪಾದದ ಅಚ್ಚನ್ನೂ ನರ್ಸುಗಳು ತೆಗೆದು ತಾಯಿಯ ಕೈಗೆ ಕೊಡ್ತಾರೆ.

ನಮ್ಮಲ್ಲಿ ಕೃಷ್ಣಾಷ್ಟಮಿಗೆ ಹೊಸ್ತಿಲಿಂದ ದೇವರ ಮನೆಯವರೆಗೆ ಪುಟ್ಟ ಹೆಜ್ಜೆ ಮೂಡಿಸ್ತೀವಿ. ಮಗುವಿನ ಕಾಲೇ ಬೇಕಿಲ್ಲ ಅದಕ್ಕೆ. ಮುಷ್ಟಿಯ ಬದಿಯನ್ನು ಅಕ್ಕಿಹಿಟ್ಟಿನ ನೀರಲ್ಲಿ ಅದ್ದಿ ನೆಲಕ್ಕೆ ಒತ್ತಿದರೆ ಪಾದ, ಮೇಲೆ ಬೆರಳ ತುದಿಯಿಂದ ಐದು ಚುಕ್ಕಿ. ದೇವರ ಹೆಜ್ಜೆ ಸರಿ. ಆದರೆ ಹೋದ ಕೂಸಿನದು ಏನನ್ನೂ ಇಟ್ಟುಕೊಳ್ಳಬಾರದು ಅನ್ನೋ ನಂಬಿಕೆ ಎಷ್ಟೋ ಮನೆಗಳಲ್ಲಿದೆ. ಬಟ್ಟೆ ಇಲ್ಲ, ತೊಟ್ಟಿಲು ಇನ್ನೊಬ್ಬರ ಮನೆಗೆ. ನಮ್ಮಜ್ಜಿಗೆ ಬದುಕುಳಿದವರು ಐವರು. ಯಾರಾದರೂ ಕೇಳಿದರೆ ಏಳು ಅಂತಲೇ ಹೇಳೋಳು. ಆ ಇಬ್ಬರದು ಒಂದು ಫೋಟೋ ಕೂಡ ಇರಲಿಲ್ಲ. ಎಷ್ಟಿತ್ತಜ್ಜಿ ಮಗು ಅಂತ ಕೇಳಿದ್ದಕ್ಕೆ, ಎಡ ಅಂಗೈ ಚಾಚಿ, ನಡುಬೆರಳಿನ ಬುಡದಿಂದ ಮಣಿಕಟ್ಟಿನ ಗೆರೆಯವರೆಗೆ ಬಲಗೈ ಬೆರಳಿಂದ ಎಳೆದು, "ಕಾಲು ಇಷ್ಟಿತ್ತು" ಅಂದಿದ್ದಳು. ಅರವತ್ತು ವರ್ಷದ ಹಿಂದಿನ ಅಳತೆ ಅದು. ತಡವರಿಸಲಿಲ್ಲ.

ಕಾಕಿನೊಶಿಮಾದ ಬಿಲ್ಲೆಗಳನ್ನ ಈಗ ಹಕೊಡಾಟೆಯ ಜೋಮೊನ್ ಸಂಸ್ಕೃತಿ ಕೇಂದ್ರದಲ್ಲಿ ಇಟ್ಟಿದ್ದಾರೆ. ಅವುಗಳನ್ನು ಅಳೆಯುವಾಗ ಒಂದು ಲೆಕ್ಕ ಸೇರಿಸಬೇಕು. ನಮ್ಮ ಕುಂಬಾರರಿಗೆಲ್ಲ ಗೊತ್ತಿರೋದೇ ಇದು: ಹಸಿ ಮಣ್ಣು ಒಣಗುವಾಗ ಒಂದಿಷ್ಟು, ಸುಡುವಾಗ ಮತ್ತೊಂದಿಷ್ಟು ಕುಗ್ಗತ್ತೆ. ಆ ಮಗುವಿನ ಕಾಲು ಬಿಲ್ಲೆಯಲ್ಲಿ ಕಾಣೋದಕ್ಕಿಂತ ತುಸು ದೊಡ್ಡದೇ ಇತ್ತು.