ಫೀಡ್ ಎಂಬ ಹಾಜರಿ ಪುಸ್ತಕ

ತರಗತಿಗೆ ಕಾಲಿಟ್ಟೊಡನೆ ಉಪಾಧ್ಯಾಯನು ಮಾಡುವ ಮೊದಲ ಕೆಲಸ ಹಾಜರಿ ಕರೆಯುವುದು. ಸದಾ ಗದ್ದಲ ಮಾಡುವ ಹುಡುಗನ ಹೆಸರನ್ನೂ, ವರ್ಷವಿಡೀ ತುಟಿ ಬಿಚ್ಚದೆ ಕೊನೆಯ ಬೆಂಚಿನಲ್ಲಿ ಕುಳಿತಿರುವ ಹುಡುಗಿಯ ಹೆಸರನ್ನೂ ಆ ಪುಸ್ತಕದಿಂದ ಒಂದೇ ದನಿಯಲ್ಲಿ ಕೂಗುತ್ತೇವೆ. ಅಲ್ಲಿ ಮೇಲು ಕೀಳಿಲ್ಲ, ಹೆಸರು ಬಿಟ್ಟುಹೋಗುವ ಭಯವಿಲ್ಲ. ಬಹಳ ಕಾಲ ಆ ಪುಸ್ತಕವನ್ನು ಹಿಡಿದ ನನಗೆ, ಅಂತರ್ಜಾಲದಲ್ಲಿ ಅದರ ಒಡಹುಟ್ಟಿದಂತಿರುವ ಒಂದು ತಂತ್ರವು ಕಂಡಾಗ ತುಂಬ ಸಂತೋಷವಾಗಿತ್ತು. ಅದರ ಹೆಸರು ಫೀಡ್. ಅದರ ಚರಿತ್ರೆಯನ್ನು ಬಲ್ಲವರು ಕಡಿಮೆ. ಆದ್ದರಿಂದ ಇಂದು ಅದನ್ನು ಕುರಿತು ನಾಲ್ಕು ಮಾತು.

ಮೊದಲು ಸಮಸ್ಯೆಯನ್ನು ಹೇಳುತ್ತೇನೆ. ಅಂತರ್ಜಾಲದ ಚರ್ಚಾವೇದಿಕೆಯೊಂದರಲ್ಲಿ ನೀವು ಒಂದು ಪ್ರಶ್ನೆ ಕೇಳಿದ್ದೀರಿ ಎಂದಿಟ್ಟುಕೊಳ್ಳಿ. ಉತ್ತರ ಬಂದಿದೆಯೇ ಎಂದು ದಿನವೂ ಹೋಗಿ ನೋಡುತ್ತೀರಿ. ಒಂಬತ್ತು ದಿನ ಏನೂ ಇರುವುದಿಲ್ಲ. ಹತ್ತನೆಯ ದಿನ ಬೇಸತ್ತು ಹೋಗುವುದನ್ನು ಬಿಡುತ್ತೀರಿ. ಉತ್ತರ ಬರುವುದು ಅಂದೇ. ಇಂತಹ ಹತ್ತಾರು ವೇದಿಕೆಗಳಿದ್ದರೆ ಗತಿಯೇನು? ಹೊಸತು ಎಲ್ಲಿದೆ, ಹಳೆಯದು ಯಾವುದು ಎಂಬುದನ್ನು ನೆನಪಿಡುವವರು ಯಾರು?

ಈ ಪ್ರಶ್ನೆಗೆ ಮೊದಲ ಉತ್ತರ ದೊರೆತದ್ದು ಇಂದಿನ ವೆಬ್ ಹುಟ್ಟುವುದಕ್ಕೂ ಮೊದಲೇ. 1979ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬಿಬ್ಬರು ಯೂಸ್‌ನೆಟ್ ಎಂಬ ಚರ್ಚಾಜಾಲವನ್ನು ಕಲ್ಪಿಸಿದರು. ನೆರೆಯ ವಿಶ್ವವಿದ್ಯಾನಿಲಯದ ಸ್ಟೀವ್ ಬೆಲೊವಿನ್ ಅದಕ್ಕೆ ಮೊದಲ ಕ್ರಮವಿಧಿಯನ್ನು ಬರೆದರು. ಗಣಕಯಂತ್ರಗಳು ದೂರವಾಣಿಯ ತಂತಿಯ ಮೂಲಕ ಒಂದಕ್ಕೊಂದು ಬರೆಹಗಳನ್ನು ದಾಟಿಸುತ್ತಿದ್ದವು. ಇಲ್ಲಿ ನಾವು ಗಮನಿಸಬೇಕಾದದ್ದು ಒಂದು ಸಣ್ಣ ಏರ್ಪಾಟನ್ನು. ಪ್ರತಿ ಗುಂಪಿನ ಬರೆಹಗಳಿಗೂ ಕ್ರಮಸಂಖ್ಯೆಯಿತ್ತು. ಓದುಗನ ಸ್ವಂತ ಕಡತವೊಂದರಲ್ಲಿ, ಈ ಗುಂಪಿನಲ್ಲಿ 1ರಿಂದ 214ರವರೆಗೆ ಓದಿಯಾಗಿದೆ, ಆ ಗುಂಪಿನಲ್ಲಿ 1ರಿಂದ 87ರವರೆಗೆ ಎಂಬ ರೀತಿಯಲ್ಲಿ ಲೆಕ್ಕವಿರುತ್ತಿತ್ತು. 1984ರಲ್ಲಿ ಲ್ಯಾರಿ ವಾಲ್ ಬರೆದ ಪ್ರಸಿದ್ಧ ವಾಚಕ ತಂತ್ರಾಂಶವೂ ಈ ಕಡತವನ್ನು ನೋಡಿಕೊಂಡೇ ಉಳಿದದ್ದನ್ನು ಮುಂದಿಡುತ್ತಿತ್ತು. ಲೆಕ್ಕದ ಪುಸ್ತಕವು ಓದುಗನ ಕೈಯಲ್ಲೇ ಇತ್ತೆಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1991ರಲ್ಲಿ ವೆಬ್ ಸಾರ್ವಜನಿಕವಾಯಿತು. ಚರ್ಚೆಗಳು ಮೆಲ್ಲಮೆಲ್ಲನೆ ಜಾಲತಾಣಗಳಿಗೆ ವಲಸೆ ಬಂದವು. ಚಿತ್ರ ಬಂತು, ಬಣ್ಣ ಬಂತು. ಆದರೆ ಆ ಲೆಕ್ಕದ ಪುಸ್ತಕ ಮಾತ್ರ ಬರಲಿಲ್ಲ. ಒಂದೊಂದು ತಾಣವೂ ಒಂದೊಂದು ದ್ವೀಪವಾಯಿತು. ಮತ್ತೆ ದಿನವೂ ಹೋಗಿ ಬಾಗಿಲು ತಟ್ಟುವ ಪಾಡು ಬಂದಿತು.

ಇದಕ್ಕೆ ಪರಿಹಾರ ಬಂದದ್ದು 1999ರ ಮಾರ್ಚ್ ತಿಂಗಳಲ್ಲಿ, ನೆಟ್‌ಸ್ಕೇಪ್ ಸಂಸ್ಥೆಯಿಂದ. ಓದುಗರು ತಮಗೆ ಬೇಕಾದ ತಾಣಗಳ ತಲೆಬರಹಗಳನ್ನು ಒಂದೇ ಪುಟದಲ್ಲಿ ಜೋಡಿಸಿಕೊಳ್ಳಲೆಂದು ಆ ಸಂಸ್ಥೆ ಒಂದು ಸೇವೆಯನ್ನು ನಡೆಸುತ್ತಿತ್ತು. ಅದಕ್ಕಾಗಿ ರಾಮನಾಥನ್ ಗುಹಾ ಮತ್ತು ಡಾನ್ ಲಿಬ್ಬಿ ಆರ್‌ಎಸ್‌ಎಸ್ ಎಂಬ ನಮೂನೆಯನ್ನು ರೂಪಿಸಿದರು. ಗುಹಾ ಅವರು ಮದ್ರಾಸಿನ ಐಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದವರು. (ಆರ್‌ಎಸ್‌ಎಸ್ ಎಂದೊಡನೆ ನಮ್ಮ ಬಂಧುಗಳಲ್ಲಿ ಕೆಲವರು ಹುಬ್ಬೇರಿಸಿಯಾರು. ಇದು ಶಾಖೆಯ ವಿಷಯವಲ್ಲ, ಕಡತದ ವಿಷಯ!) ಅದೇ ವರ್ಷ ಜುಲೈನಲ್ಲಿ ಬಂದ ಪರಿಷ್ಕೃತ ರೂಪದಲ್ಲಿ ಒಂದು ಫೀಡಿಗೆ ಹದಿನೈದು ಬರೆಹಗಳ ಮಿತಿಯಿತ್ತು. ಆದರೆ ಒಡೆತನ ಬದಲಾದ ನೆಟ್‌ಸ್ಕೇಪ್ 2001ರಲ್ಲಿ ಈ ಕೂಸನ್ನು ಕೈಬಿಟ್ಟಿತು.

ಹೆತ್ತವರು ಬಿಟ್ಟ ಕೂಸನ್ನು ಊರವರು ಸಾಕಿದರು; ಆದರೆ ಜಗಳವಾಡುತ್ತಲೇ ಸಾಕಿದರು. ಡೇವ್ ವೈನರ್ ಎಂಬ ತಂತ್ರಜ್ಞರು ನಮೂನೆಯು ಸರಳವಾಗಿಯೇ ಇರಬೇಕೆಂದರು. ಮತ್ತೊಂದು ಗುಂಪು ಅದು ವಿಸ್ತಾರಕ್ಕೆ ಒದಗುವಂತಿರಬೇಕೆಂದಿತು. 2000ದ ಡಿಸೆಂಬರಿನಲ್ಲಿ ಎರಡು ಕವಲುಗಳೂ ಬೇರೆಬೇರೆ ನಮೂನೆಗಳನ್ನು ಹೊರಡಿಸಿದವು. ಎರಡನೆಯ ಗುಂಪಿನಲ್ಲಿ ಆರನ್ ಸ್ವಾರ್ಟ್ಜ್ ಎಂಬ ಹದಿನಾಲ್ಕು ವರ್ಷದ ಹುಡುಗನಿದ್ದನೆಂದರೆ ನೀವು ನಂಬಬೇಕು. ನಮ್ಮ ಶಾಲೆಗಳಲ್ಲಿ ಒಂಬತ್ತನೆಯ ತರಗತಿಯ ವಯಸ್ಸು! ವೈನರ್ 2002ರಲ್ಲಿ ಪ್ರಕಟಿಸಿದ ಎರಡನೆಯ ಆವೃತ್ತಿಯ ಹಕ್ಕನ್ನು ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬರ್ಕ್‌ಮನ್ ಕೇಂದ್ರಕ್ಕೆ ವಹಿಸಲಾಯಿತು. ಜಗಳದಿಂದ ಬೇಸತ್ತವರು ಆಟಮ್ ಎಂಬ ಮತ್ತೊಂದು ನಮೂನೆಯನ್ನು ಕಟ್ಟಿದರು. ಅದು 2005ರ ಡಿಸೆಂಬರಿನಲ್ಲಿ ಅಂತರ್ಜಾಲದ ಅಧಿಕೃತ ಮಾನಕಗಳಲ್ಲಿ ಸೇರಿತು. ಓದುಗನಿಗೆ ಈ ವ್ಯಾಜ್ಯದಿಂದ ಹೆಚ್ಚಿನ ತೊಂದರೆಯೇನೂ ಆಗಲಿಲ್ಲ. ವಾಚಕ ತಂತ್ರಾಂಶಗಳು ಎಲ್ಲವನ್ನೂ ಓದುವುದನ್ನು ಕಲಿತವು.

ಫೀಡ್ ಕೆಲಸ ಮಾಡುವ ಬಗೆ ಸರಳವಾದದ್ದು. ಜಾಲತಾಣವು ತನ್ನ ಹೊಸ ಬರೆಹಗಳ ಪಟ್ಟಿಯನ್ನು ಒಂದು ಕಡತದಲ್ಲಿ ಇಟ್ಟಿರುತ್ತದೆ: ತಲೆಬರಹ, ಕೊಂಡಿ, ದಿನಾಂಕ, ಸಾರಾಂಶ, ಮತ್ತು ಪ್ರತಿಯೊಂದಕ್ಕೂ ಒಂದು ಗುರುತು. ನಿಮ್ಮ ವಾಚಕ ತಂತ್ರಾಂಶವು ಆಗಾಗ ಹೋಗಿ ಅದನ್ನು ಕೇಳುತ್ತದೆ. ಬದಲಾವಣೆಯಿಲ್ಲದಿದ್ದರೆ ಆ ಕಡೆಯ ಗಣಕವು 304 ಎಂಬ ಸಂಕೇತವನ್ನಷ್ಟೇ ಕಳುಹಿಸುತ್ತದೆ. "ಹೊಸತೇನಿಲ್ಲ, ಹೋಗಿ ಬಾ" ಎಂದು ಅದರ ಅರ್ಥ. ಹೊಸ ಗುರುತು ಕಂಡರೆ ಬರೆಹವನ್ನು ತಂದು ನಿಮ್ಮ ಮುಂದಿಡುತ್ತದೆ. ಚರ್ಚಾವೇದಿಕೆಗಳ ತಂತ್ರಾಂಶಗಳು ಇದನ್ನು ಬೇಗನೆ ಅಳವಡಿಸಿಕೊಂಡವು. ಇಡೀ ವೇದಿಕೆಗೊಂದು, ವಿಭಾಗಕ್ಕೊಂದು, ಒಂದೇ ಒಂದು ಪ್ರಶ್ನೆಗೂ ಒಂದು ಫೀಡ್. 2008ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರತಿ ಪ್ರಶ್ನೆಗೂ ಫೀಡ್ ಇದೆ. ಉತ್ತರ ಹತ್ತನೆಯ ದಿನ ಬರಲಿ, ಹತ್ತನೆಯ ತಿಂಗಳು ಬರಲಿ, ನಿಮ್ಮ ಮನೆಯ ಬಾಗಿಲಿಗೇ ಬರುತ್ತದೆ.

ಇಲ್ಲಿ ಕನ್ನಡದ ಮಾತನ್ನೂ ಹೇಳಬೇಕು. ಆ ಕಾಲದ ನಮ್ಮ ಅನೇಕ ಜಾಲತಾಣಗಳು ತಮ್ಮದೇ ಅಕ್ಷರಶೈಲಿಯಲ್ಲಿ ಬರೆಯುತ್ತಿದ್ದವು. ಒಳಗಿದ್ದದ್ದು ಇಂಗ್ಲಿಷ್ ಸಂಕೇತಗಳು. ಅವಕ್ಕೆ ಕನ್ನಡದ ವೇಷ ತೊಡಿಸಲಾಗಿತ್ತು, ಅಷ್ಟೇ. ಫೀಡ್ ವೇಷವನ್ನು ಒಯ್ಯುವುದಿಲ್ಲ, ಪಠ್ಯವನ್ನು ಮಾತ್ರ ಒಯ್ಯುತ್ತದೆ. ಹೀಗಾಗಿ ವಾಚಕದಲ್ಲಿ ಅಂತಹ ಬರೆಹಗಳು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದವು. ಯೂನಿಕೋಡಿನಲ್ಲಿ ಬರೆದದ್ದು ಮಾತ್ರ ಎಲ್ಲಿ ಹೋದರೂ ಕನ್ನಡವಾಗಿಯೇ ಉಳಿಯುತ್ತಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, 2005ರಲ್ಲಿ ಆರಂಭವಾದ ಸಂಪದ ಮೊದಲಾದ ತಾಣಗಳು ಯೂನಿಕೋಡನ್ನು ನೆಚ್ಚಿದ್ದು ಎಷ್ಟು ದೂರದೃಷ್ಟಿಯ ಕೆಲಸವೆಂಬುದು ಇದರಿಂದ ತಿಳಿಯುತ್ತದೆ. ವಿಕಿಪೀಡಿಯದ ಇತ್ತೀಚಿನ ಬದಲಾವಣೆಗಳನ್ನು ಇಂದಿಗೂ ಫೀಡಿನ ಮೂಲಕ ಗಮನಿಸಬಹುದು.

2005ರ ಅಕ್ಟೋಬರಿನಲ್ಲಿ ಗೂಗಲ್ ರೀಡರ್ ಬಂದ ಮೇಲೆ ಫೀಡ್ ಓದುವುದು ಲಕ್ಷಾಂತರ ಜನರ ದಿನಚರಿಯಾಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ತನ್ನ ನ್ಯೂಸ್ ಫೀಡನ್ನು ತೆರೆಯಿತು. ಹೆಸರು ಒಂದೇ, ಗುಣ ಬೇರೆ. ಮೊದಲನೆಯದರಲ್ಲಿ ಯಾರ ಮಾತನ್ನು ಕೇಳಬೇಕೆಂದು ನೀವು ಪಟ್ಟಿ ಬರೆಯುತ್ತೀರಿ, ತಂತ್ರಾಂಶವು ಅದರಂತೆ ಹೆಸರು ಕರೆಯುತ್ತದೆ. ಎರಡನೆಯದರಲ್ಲಿ ಯಾರ ಮಾತು ಮೇಲೆ ಬರಬೇಕೆಂದು ಯಂತ್ರವೇ ತೀರ್ಮಾನಿಸುತ್ತದೆ. ಅಲ್ಲಿ ಗದ್ದಲ ಮಾಡುವ ಹುಡುಗನಿಗೆ ಮುಂದಿನ ಬೆಂಚು ದೊರೆಯುವುದು ಸಹಜ. ವರ್ಷಕ್ಕೆರಡು ಬಾರಿ ಮಾತನಾಡುವವರು ಹಾಜರಿದ್ದೂ ಗೈರುಹಾಜರಿಯಾಗುತ್ತಾರೆ.

ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆಯೆಂಬುದು 2013ರಲ್ಲಿ ಸ್ಪಷ್ಟವಾಯಿತು. ಬಳಕೆ ಇಳಿದಿದೆಯೆಂದು ಹೇಳಿ ಗೂಗಲ್ ಆ ವರ್ಷದ ಜುಲೈ 1ರಂದು ರೀಡರನ್ನು ಮುಚ್ಚಿತು. ಬೇಡವೆಂದು ಒಂದು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದ್ದರು. ಅದಕ್ಕೂ ಹಿಂದಿನ ತಿಂಗಳೇ ಟ್ವಿಟರ್ ತನ್ನ ಫೀಡುಗಳನ್ನು ನಿಲ್ಲಿಸಿತ್ತು. ಒಂಬತ್ತನೆಯ ತರಗತಿಯ ವಯಸ್ಸಿನಲ್ಲೇ ಈ ಕೆಲಸಕ್ಕೆ ಕೈಹಚ್ಚಿದ್ದ ಸ್ವಾರ್ಟ್ಜ್ ಅದೇ ವರ್ಷದ ಜನವರಿಯಲ್ಲಿ, ಇಪ್ಪತ್ತಾರರ ಎಳೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದನು.

ನನ್ನ ಸ್ವಂತ ತಪ್ಪೊಂದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಬಳಸುತ್ತಿದ್ದ ವಾಚಕ ಸೇವೆಯೊಂದು ಮುಚ್ಚುವ ಮೊದಲು ಸಾಕಷ್ಟು ಮುನ್ಸೂಚನೆ ಕೊಟ್ಟಿತ್ತು. ಹಳೆಯ ವಿದ್ಯಾರ್ಥಿಯೊಬ್ಬನು ಫೋನ್ ಮಾಡಿ, "ಸಾರ್, ನಿಮ್ಮ ಪಟ್ಟಿಯನ್ನು ಇಳಿಸಿಟ್ಟುಕೊಳ್ಳಿ" ಎಂದೂ ಹೇಳಿದ್ದನು. ಓಪಿಎಂಎಲ್ ಎಂಬ ಒಂದೇ ಒಂದು ಸಣ್ಣ ಕಡತದಲ್ಲಿ ಇಡೀ ಪಟ್ಟಿಯನ್ನು ಹೊತ್ತು ಬೇರೊಂದು ವಾಚಕಕ್ಕೆ ಹೋಗಬಹುದು. ಎರಡು ನಿಮಿಷದ ಕೆಲಸ. ಪರೀಕ್ಷೆಯ ಉತ್ತರಪತ್ರಿಕೆಗಳ ನೆಪ ಹೇಳಿ ನಾಳೆ ನಾಳೆ ಎಂದೆ. ಪಟ್ಟಿ ಹೋಯಿತು. ದೊಡ್ಡ ತಾಣಗಳನ್ನೆಲ್ಲ ಮತ್ತೆ ಹುಡುಕಿಕೊಂಡೆ. ಆದರೆ ಹಳೆಯ ಪದಗಳ ಅರ್ಥವನ್ನು ಚರ್ಚಿಸುತ್ತಿದ್ದ ಒಂದು ಪುಟ್ಟ ವೇದಿಕೆಯಿತ್ತು. ಅಲ್ಲಿ ಎರಡು ತಿಂಗಳಿಗೊಮ್ಮೆ ಯಾರೋ ಒಂದು ಪದವನ್ನು ಕೇಳುತ್ತಿದ್ದರು, ಯಾರೋ ಹಿರಿಯರು ತಮ್ಮ ಸೀಮೆಯ ಬಳಕೆಯನ್ನು ಹೇಳುತ್ತಿದ್ದರು. ಅದರ ವಿಳಾಸ ನನಗೆ ನೆನಪಿರಲಿಲ್ಲ. ನೆನಪಿಡುವ ಕೆಲಸವನ್ನು ಪಟ್ಟಿಗೆ ಒಪ್ಪಿಸಿದ್ದೆನಲ್ಲ! ಎಷ್ಟು ಹುಡುಕಿದರೂ ಅದು ಮತ್ತೆ ಸಿಗಲಿಲ್ಲ. ಅದು ಈಗಲೂ ಇದೆಯೋ, ಅಲ್ಲಿ ಯಾರಾದರೂ ಮಾತನಾಡುತ್ತಿದ್ದಾರೋ ನಾನು ತಿಳಿಯಲಾರೆ. ಮನೆಪಾಠವನ್ನು ನಿಮ್ಮ ನಿಮ್ಮ ನೋಟುಪುಸ್ತಕದಲ್ಲೇ ಬರೆದುಕೊಳ್ಳಿರೆಂದು ನಿಮ್ಮನ್ನೆಲ್ಲ ಗದರಿಸಿದವನೇ ತನ್ನ ಪಟ್ಟಿಯನ್ನು ಪರರ ಕಪಾಟಿನಲ್ಲಿಟ್ಟು ಮರೆತಿದ್ದನು. ಯೂಸ್‌ನೆಟ್ಟಿನ ಕಾಲದ ಓದುಗನು ನನಗಿಂತ ಜಾಣನಾಗಿದ್ದನು.

ಫೀಡ್ ಸತ್ತಿತೆಂದು ಹಲವರು ಬರೆದರು. ಅದು ಸತ್ತಿಲ್ಲ, ಕಣ್ಮರೆಯಾಗಿದೆ, ಅಷ್ಟೇ. ನಿಮ್ಮಲ್ಲಿ ಅನೇಕರು ಪ್ರಯಾಣದಲ್ಲಿ ಪಾಡ್‌ಕಾಸ್ಟ್ ಕೇಳುತ್ತೀರಿ. ಆ ಧ್ವನಿಕಂತುಗಳು ಹೊಸದಾಗಿ ಬಂದವೆಂದು ನಿಮ್ಮ ಫೋನಿಗೆ ತಿಳಿಸುವುದು ಬಹುಮಟ್ಟಿಗೆ ಇದೇ ಆರ್‌ಎಸ್‌ಎಸ್. ಫೀಡಿಗೆ ಧ್ವನಿಕಡತವನ್ನು ಲಗತ್ತಿಸುವ ಏರ್ಪಾಟು 2000ದಲ್ಲೇ ಸೇರಿತ್ತು. ಇಂದು ಅನೇಕ ಸಮುದಾಯಗಳು ಬಳಸುವ ಡಿಸ್ಕೋರ್ಸ್ ಎಂಬ ವೇದಿಕೆ ತಂತ್ರಾಂಶದಲ್ಲಿ, ಚರ್ಚೆಯ ವಿಳಾಸದ ಕೊನೆಗೆ ಒಂದು ಚುಕ್ಕೆಯಿಟ್ಟು ಆರ್‌ಎಸ್‌ಎಸ್ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಅದರ ಫೀಡ್ ತೆರೆದುಕೊಳ್ಳುತ್ತದೆ.

ಬಿಡುವಿದ್ದಾಗ ಒಂದು ವಾಚಕವನ್ನು ಹೊಂದಿಸಿಕೊಳ್ಳಿ. ದೊಡ್ಡ ಪತ್ರಿಕೆಗಳನ್ನು ಅದಕ್ಕೆ ಸೇರಿಸಬೇಕಾಗಿಲ್ಲ. ಅವು ಹೇಗೂ ನಿಮ್ಮನ್ನು ಹುಡುಕಿಕೊಂಡು ಬರುತ್ತವೆ. ಅಪರೂಪಕ್ಕೆ ಮಾತನಾಡುವವರನ್ನು ಸೇರಿಸಿ. ತಿಂಗಳಿಗೊಮ್ಮೆ ಪಟ್ಟಿಯ ಪ್ರತಿಯೊಂದನ್ನು ನಿಮ್ಮಲ್ಲೇ ಇಳಿಸಿಟ್ಟುಕೊಳ್ಳಿ. ಎರಡೇ ನಿಮಿಷ, ನಾಳೆ ಎನ್ನಬೇಡಿ. ತರಗತಿಯಲ್ಲಿ ನಾನು ಕಂಡ ಅತ್ಯುತ್ತಮ ಉತ್ತರಗಳಲ್ಲಿ ಹಲವು ಬಂದದ್ದು ಕೊನೆಯ ಬೆಂಚಿನಿಂದ, ಹೆಸರು ಹಿಡಿದು ಕರೆದಾಗ.